ಚೀನೀಯ ವೈದ್ಯವೂ ವೈದ್ಯನ ಸತ್ಯವೂ

ಹಾಸಿಗೆ ಹಿಡಿದವನು ವೈದ್ಯನಿಂದ ಎರಡು ವಸ್ತುಗಳನ್ನು ಬಯಸುತ್ತಾನೆ: ರೋಗವು ಹೋಗಬೇಕು, ಹೋಗುವವರೆಗೆ ಬಾಧೆಯು ತಗ್ಗಬೇಕು. ಆರೋಗ್ಯವಂತರು ಇವೆರಡನ್ನೂ ಒಂದೇ ಎಂದು ತಿಳಿಯುವುದು ಸಹಜ. ರೋಗಿಯ ಮಗ್ಗುಲಲ್ಲಿ ಹತ್ತು ರಾತ್ರಿ ಎಚ್ಚತ್ತು ಕುಳಿತವರಿಗೆ ಮಾತ್ರ ಇವು ಬೇರೆ ಬೇರೆ ಎಂಬುದು ಬೇಗನೆ ಗೊತ್ತಾಗುತ್ತದೆ. ರೋಗ ಹೋಗದೆಯೇ ಬಾಧೆ ತಗ್ಗುವುದುಂಟು. ಬಾಧೆ ತಗ್ಗಿದಂತೆ ತೋರುತ್ತಿರುವಾಗಲೇ ರೋಗವು ಒಳಗೊಳಗೆ ಬಲಿಯುವುದೂ ಉಂಟು. ವೈದ್ಯನಿಗೆ ಧರ್ಮಸಂಕಟ ಒದಗುವುದು ಇಲ್ಲಿಯೇ. ತಾನು ಮಾಡುವ ಚಿಕಿತ್ಸೆಯಿಂದ ರೋಗಿಗೆ ಹಿತವಾಗುತ್ತಿದೆ. ಆದರೆ ಆ ಹಿತಕ್ಕೆ ಪರಂಪರೆಯಿಂದ ಹೇಳಿಕೊಂಡು ಬಂದ ಕಾರಣವು ನಿಜವೆಂದು ತೋರುತ್ತಿಲ್ಲ. ಹಿತದ ಬಹುಭಾಗವು ರೋಗಿಯ ನಂಬಿಕೆಯಿಂದಲೇ ಹುಟ್ಟಿರುವಂತೆ ಕಾಣುತ್ತದೆ. ಹೀಗಿರುವಾಗ ವೈದ್ಯನು ಸುಮ್ಮನಿದ್ದು ಚಿಕಿತ್ಸೆಯನ್ನು ನಡೆಸಬಹುದೆ? ನಿಜವನ್ನಾಡಿ ಆ ಹಿತವನ್ನು ಕೆಡಿಸಬೇಕೆ?

ಈ ಪ್ರಶ್ನೆಯು ಎಲ್ಲ ದೇಶಗಳ ವೈದ್ಯಕ್ಕೂ ಸಂಬಂಧಪಟ್ಟುದೇ ಸರಿ. ಆದರೂ ಚೀನಾ ದೇಶದ ಪ್ರಾಚೀನ ವೈದ್ಯದ ಚರಿತ್ರೆಯಲ್ಲಿ ಇದು ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆಗಳಲ್ಲಿ ಕಾಣುವುದು ವಿರಳ. ಅಲ್ಲಿ ಕೆಲವರು ಹಳೆಯ ವೈದ್ಯವನ್ನು ದೇಶದ ಹೆಮ್ಮೆಯೆಂದು ತಲೆಯ ಮೇಲೆ ಹೊತ್ತರು. ಕೆಲವರು ಅದನ್ನು ಶುದ್ಧ ವಂಚನೆಯೆಂದು ಬೇರುಸಹಿತ ಕಿತ್ತೆಸೆಯಲು ನೋಡಿದರು. ಇನ್ನು ಕೆಲವರು ಅದನ್ನು ಅಳತೆಗೂ ತೂಕಕ್ಕೂ ಹಚ್ಚಿ ಪರೀಕ್ಷಿಸಿದರು.

ಚೀನೀಯ ವೈದ್ಯನ ರೋಗಪರೀಕ್ಷೆಯು ನಾಲ್ಕು ಬಗೆಯದು. ಮೊದಲು ನೋಡುವುದು: ಮುಖದ ಬಣ್ಣ, ನಡಗೆ, ಎಲ್ಲಕ್ಕಿಂತ ಹೆಚ್ಚಾಗಿ ನಾಲಗೆ. ಎರಡನೆಯದು ಕೇಳಿಸಿಕೊಳ್ಳುವುದು ಮತ್ತು ವಾಸನೆಯನ್ನು ಗ್ರಹಿಸುವುದು; ಇವೆರಡಕ್ಕೂ ಅವರ ಭಾಷೆಯಲ್ಲಿ ಒಂದೇ ಪದ. ಮೂರನೆಯದು ಪ್ರಶ್ನೆ ಕೇಳುವುದು, ನಾಲ್ಕನೆಯದು ಮುಟ್ಟುವುದು. ಈ ಕಡೆಯದರಲ್ಲಿ ನಾಡಿಗೆ ಅಗ್ರಸ್ಥಾನ. ಎರಡು ಮಣಿಕಟ್ಟುಗಳಲ್ಲಿಯೂ ಮೂರು ಮೂರು ಬೆರಳುಗಳನ್ನಿಟ್ಟು, ಒಮ್ಮೆ ಹಗುರವಾಗಿ ಒಮ್ಮೆ ಒತ್ತಿ, ವೈದ್ಯನು ಬಹಳ ಹೊತ್ತು ಮೌನವಾಗಿ ಕುಳಿತಿರುತ್ತಾನೆ. ಅನಂತರ ಚಿಕಿತ್ಸೆ. ಕೂದಲೆಳೆಯಷ್ಟು ಸಣ್ಣ ಸೂಜಿಗಳನ್ನು ಗೊತ್ತಾದ ಸ್ಥಾನಗಳಲ್ಲಿ ಚುಚ್ಚಿ ಅರ್ಧ ಗಂಟೆಯವರೆಗೆ ಬಿಡುವುದುಂಟು. ಮಾಚಿಪತ್ರೆಯ ಜಾತಿಗೆ ಸೇರಿದ ಒಂದು ಗಿಡದ ಒಣಗಿದ ಎಲೆಯನ್ನು ಕುಟ್ಟಿ ಹತ್ತಿಯಂತೆ ಮಾಡಿ, ಅದಕ್ಕೆ ಕಿಡಿ ತಾಗಿಸಿ, ಮೈಯ ಹತ್ತಿರ ಹಿಡಿದು ಕಾವು ಕೊಡುವುದುಂಟು. ಗಾಜಿನ ಅಥವಾ ಬಿದಿರಿನ ಬಟ್ಟಲಿನೊಳಗೆ ಉರಿಯನ್ನು ತೋರಿಸಿ, ಅದನ್ನು ಬೆನ್ನಿನ ಮೇಲೆ ಮಗುಚಿ ಚರ್ಮವು ಮೇಲಕ್ಕೆ ಸೆಳೆಯಲ್ಪಡುವಂತೆ ಮಾಡುವುದುಂಟು. ತುಯಿನಾ ಎಂಬ ಅಂಗಮರ್ದನವುಂಟು. ಹತ್ತಾರು ಮೂಲಿಕೆಗಳನ್ನು ಕೂಡಿಸಿ ಕುದಿಸಿದ ಕಷಾಯವಂತೂ ಇದ್ದೇ ಇದೆ. ಕಷಾಯದ ಕಂಪಿಲ್ಲದ ಚೀನೀಯ ರೋಗಿಯ ಮನೆಯು ಒಂದು ಕಾಲದಲ್ಲಿ ಇರಲಾರದಾಗಿತ್ತು.

ಇವೆಲ್ಲಕ್ಕೂ ಹಿನ್ನೆಲೆಯಾಗಿರುವ ಸಿದ್ಧಾಂತವು ಇದು: ದೇಹದಲ್ಲಿ ಚೀ ಎಂಬ ಪ್ರಾಣಶಕ್ತಿಯು ನಿಯತವಾದ ಮಾರ್ಗಗಳಲ್ಲಿ ಹರಿಯುತ್ತದೆ, ಆ ಹರಿವು ತಡೆದರೆ ಅಥವಾ ಏರುಪೇರಾದರೆ ರೋಗ, ಸೂಜಿಯೂ ಕಾವೂ ಅದನ್ನು ಸರಿಪಡಿಸುತ್ತವೆ. ದೇಹವನ್ನು ಕೊಯ್ದು ನೋಡಿದ ಶಾರೀರಶಾಸ್ತ್ರಜ್ಞರಿಗೆ ಆ ಮಾರ್ಗಗಳು ದೊರಕಿಲ್ಲ. ಆದರೆ ಹಿಂದಿನವರು ಇದನ್ನು ಸಡಿಲವಾದ ಕಲ್ಪನೆಯೆಂದು ಬಗೆದಿರಲಿಲ್ಲ. ಸುಂಗ್ ರಾಜವಂಶದ ಕಾಲದಲ್ಲಿ, ೧೦೨೭ರ ಸುಮಾರಿಗೆ, ವಾಂಗ್ ವೇಯಿ-ಯಿ ಎಂಬ ವೈದ್ಯನು ಆಳೆತ್ತರದ ಕಂಚಿನ ಪುರುಷವಿಗ್ರಹಗಳನ್ನು ಎರಕ ಹೊಯ್ಯಿಸಿ, ಸೂಜಿ ಚುಚ್ಚುವ ಸ್ಥಾನಗಳಲ್ಲೆಲ್ಲ ರಂಧ್ರಗಳನ್ನು ಮಾಡಿಸಿದನು. ಪರೀಕ್ಷೆಯ ದಿನ ವಿಗ್ರಹಕ್ಕೆ ಮೇಣವನ್ನು ಬಳಿದು, ಒಳಗೆ ದ್ರವವನ್ನು ತುಂಬಿ ನಿಲ್ಲಿಸುತ್ತಿದ್ದರಂತೆ. ವಿದ್ಯಾರ್ಥಿಯ ಸೂಜಿಯು ಸರಿಯಾದ ಸ್ಥಾನಕ್ಕೆ ತಗುಲಿದರೆ ದ್ರವವು ಹೊರಕ್ಕೆ ಸುರಿಯುವುದು, ತಪ್ಪಿದರೆ ಇಲ್ಲ. ಸ್ಥಾನದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಕೂಡದೆಂಬುದು ಅವರ ನಿಷ್ಠೆಯಾಗಿದ್ದಿತು. ಈ ನಿಷ್ಠೆಯೇ ಸುಮಾರು ಹತ್ತು ಶತಮಾನಗಳ ಮೇಲೆ ದೊಡ್ಡ ಪರೀಕ್ಷೆಗೆ ಗುರಿಯಾಯಿತು.

ಸೂಜಿಚಿಕಿತ್ಸೆಯ ಕೀರ್ತಿಯು ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿದುದು ೧೯೭೧ರಲ್ಲಿ. ಆ ವರ್ಷದ ಜುಲೈ ತಿಂಗಳಲ್ಲಿ ಜೇಮ್ಸ್ ರೆಸ್ಟನ್ ಎಂಬ ಅಮೆರಿಕದ ಪತ್ರಿಕೋದ್ಯೋಗಿಗೆ ಪೀಕಿಂಗ್ ನಗರದಲ್ಲಿ ಕರುಳಬಾಲದ ಶಸ್ತ್ರಚಿಕಿತ್ಸೆಯಾಯಿತು. ಶಸ್ತ್ರಕ್ರಿಯೆಯು ಎಂದಿನಂತೆ ಮರವಿನ ಮದ್ದನ್ನು ಚುಚ್ಚಿಯೇ ನಡೆಯಿತು. ಆಮೇಲೆ ಹೊಟ್ಟೆಯುಬ್ಬರದಿಂದ ಸಂಕಟವಾದಾಗ ಅಲ್ಲಿಯ ವೈದ್ಯನು ಮೊಣಕೈಯಲ್ಲಿಯೂ ಮೊಣಕಾಲುಗಳ ಕೆಳಗೂ ಸೂಜಿಗಳನ್ನು ಚುಚ್ಚಿ, ಹೊಟ್ಟೆಯ ಹತ್ತಿರ ಎಲೆಯ ಕಾವನ್ನು ಕೊಟ್ಟನು. ಒಂದು ಗಂಟೆಯೊಳಗೆ ಸಂಕಟವು ಇಳಿಯಿತು. ರೆಸ್ಟನ್ ಇದನ್ನು ಇದ್ದಂತೆಯೇ ಬರೆದನು. ಓದಿದವರು ಮಾತ್ರ, ಸೂಜಿ ಚುಚ್ಚಿಯೇ ಹೊಟ್ಟೆಯನ್ನು ಕೊಯ್ದರೆಂದು ಊರೆಲ್ಲ ಹೇಳಿಕೊಂಡು ಬಂದರು. ಅದ್ಭುತಗಳು ಬೆಳೆಯುವ ರೀತಿಯೇ ಇದು. ಕಂಡವನ ಬಾಯಿಗಿಂತ ಕೇಳಿದವನ ಬಾಯಿ ದೊಡ್ಡದು. ಇದಕ್ಕೂ ಮುಂಚೆ, ೧೯೫೯ರ ಸುಮಾರಿನಲ್ಲಿಯೇ, ಈ ವಿದ್ಯೆಯು ಭಾರತಕ್ಕೆ ಬಂದಿದ್ದಿತು. ೧೯೩೮ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆಂದು ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ, ಕನ್ನಡಿಗರೂ ಬಹುಸಂಖ್ಯೆಯಲ್ಲಿ ನೆಲಸಿರುವ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸರು ೧೯೪೨ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಜೊತೆಗಾರರಾದ ಬಿಜಯಕುಮಾರ ಬಸು ಅವರು ಹಿಂದಿರುಗಿ, ಮುಂದೆ ಮತ್ತೊಮ್ಮೆ ಚೀನಾಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು, ಕಲಕತ್ತೆಯಲ್ಲಿ ಅದನ್ನು ನಡೆಸತೊಡಗಿದರು.

ರೋಗಿಗಳಿಗೆ ಇದರಿಂದ ಆಗುವ ಉಪಯೋಗವು ಬರಿಯ ವದಂತಿಯಲ್ಲ. ೧೯೯೭ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಪಂಡಿತಮಂಡಲಿಯು, ಶಸ್ತ್ರಚಿಕಿತ್ಸೆಯ ಅನಂತರವೂ ಅರ್ಬುದರೋಗದ ಔಷಧಗಳನ್ನು ತೆಗೆದುಕೊಂಡ ಮೇಲೂ ಉಂಟಾಗುವ ಓಕರಿಕೆ ವಾಂತಿಗಳಲ್ಲಿ ಸೂಜಿಯಿಂದ ಪ್ರಯೋಜನವಿದೆಯೆಂದು ಅಭಿಪ್ರಾಯವಿತ್ತಿತು. ದೀರ್ಘಕಾಲದ ನೋವಿನಲ್ಲಿಯೂ ಅನೇಕರಿಗೆ ಹಿತವಾಗುವುದು ಕಂಡುಬಂದಿದೆ. ಹಿತವು ಎಲ್ಲಿಂದ ಬರುತ್ತದೆಂಬುದೇ ವಿವಾದ. ಜರ್ಮನಿಯಲ್ಲಿ ಬೆನ್ನುನೋವಿನಿಂದ ಬಹುಕಾಲ ನರಳಿದ ೧೧೬೨ ಮಂದಿಯನ್ನು ಮೂರು ಪಂಗಡಗಳಾಗಿ ಮಾಡಿದರು. ಒಂದು ಪಂಗಡಕ್ಕೆ ಶಾಸ್ತ್ರೋಕ್ತವಾದ ಸ್ಥಾನಗಳಲ್ಲಿ ಸೂಜಿ ಚುಚ್ಚಿದರು. ಇನ್ನೊಂದಕ್ಕೆ ಶಾಸ್ತ್ರದಲ್ಲಿಲ್ಲದ ಸ್ಥಾನಗಳಲ್ಲಿ ಮೇಲುಮೇಲೆ ಚುಚ್ಚಿದರು. ಮೂರನೆಯದಕ್ಕೆ ವಾಡಿಕೆಯ ಔಷಧವನ್ನೂ ವ್ಯಾಯಾಮವನ್ನೂ ಕೊಟ್ಟರು. ೨೦೦೭ರಲ್ಲಿ ಪ್ರಕಟವಾದ ಫಲವು ಹೀಗಿದ್ದಿತು: ಆರು ತಿಂಗಳ ಕೊನೆಯಲ್ಲಿ ಮೊದಲನೆಯ ಪಂಗಡದಲ್ಲಿ ನೂರಕ್ಕೆ ಸುಮಾರು ೪೮, ಎರಡನೆಯದರಲ್ಲಿ ೪೪, ಮೂರನೆಯದರಲ್ಲಿ ಕೇವಲ ೨೭ ಮಂದಿಗೆ ಗುಣ ಕಂಡಿತು.

ಈ ಅಂಕೆಗಳನ್ನು ಸೂಜಿವೈದ್ಯನೂ ಸಂತೋಷದಿಂದ ಉದಾಹರಿಸುತ್ತಾನೆ, ಅವನ ವಿರೋಧಿಯೂ ಉದಾಹರಿಸುತ್ತಾನೆ. ವಾಡಿಕೆಯ ಚಿಕಿತ್ಸೆಗಿಂತ ಸೂಜಿಯು ಬಹುಮಟ್ಟಿಗೆ ಮೇಲೆಂಬುದು ಒಬ್ಬನ ಮಾತು. ಎಲ್ಲಿ ಚುಚ್ಚಿದರೂ ಒಂದೇ ಆದ ಮೇಲೆ ಕಂಚಿನ ಪುರುಷನ ರಂಧ್ರಗಳಿಗೆ ಏನು ಅರ್ಥವೆಂಬುದು ಇನ್ನೊಬ್ಬನ ಮಾತು. ಇಬ್ಬರ ಮಾತೂ ಆ ಮಟ್ಟಿಗೆ ನಿಜವೇ. ಬೆನ್ನುನೋವಿನ ಮುದುಕಿಗಂತೂ ಈ ತರ್ಕದ ಗೊಡವೆಯಿಲ್ಲ. ಅವಳಿಗೆ ನಿದ್ರೆ ಬಂದರೆ ಸಾಕು. ‘ಅವಳು ನಂಬಿದ್ದಾಳೆ, ಅವಳಿಗೆ ಹಿತವಾಗಿದೆ; ನಂಬಿಕೆಯನ್ನು ಕದಡಿ ನೀವು ಪಡೆಯುವ ಪುಣ್ಯವೇನು?’ ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಸುಲಭವಲ್ಲ. ದಯೆಯ ಪಕ್ಷವು ಅಷ್ಟು ಬಲವಾದುದು.

ಆದರೆ ಅದೇ ದಯೆಯು ಇನ್ನೊಂದು ಮನೆಯಲ್ಲಿ ಯಾವ ರೂಪವನ್ನು ತಾಳಿತೆಂಬುದನ್ನು ನೋಡಬೇಕು. ಆಧುನಿಕ ಚೀನೀಯ ಸಾಹಿತ್ಯಕ್ಕೆ ತಳಹದಿಯನ್ನು ಹಾಕಿದ ಲೂ ಷುನ್ ಹುಟ್ಟಿದುದು ೧೮೮೧ರಲ್ಲಿ, ಷಾವೊಷಿಂಗ್ ಎಂಬ ಊರಿನಲ್ಲಿ. ಅವನ ತಂದೆಯು ವರ್ಷಗಟ್ಟಲೆ ಕಾಯಿಲೆಯಿಂದ ನರಳಿ ೧೮೯೬ರಲ್ಲಿ ತೀರಿಕೊಂಡನು. ಆ ವರ್ಷಗಳಲ್ಲಿ ಹುಡುಗನ ಕೆಲಸವೆಂದರೆ ಮನೆಯ ಬಟ್ಟೆಬರೆ ಒಡವೆಗಳನ್ನು ಗಿರವಿ ಅಂಗಡಿಗೆ ಹೊರುವುದು, ಅಲ್ಲಿ ದೊರೆತ ಹಣವನ್ನು ಔಷಧದ ಅಂಗಡಿಗೆ ಹೊರುವುದು. ಊರಿನ ಹೆಸರುವಾಸಿಯಾದ ವೈದ್ಯರು ಬರೆದುಕೊಡುತ್ತಿದ್ದ ಔಷಧಗಳಿಗೆ ಅನುಪಾನಗಳೇ ವಿಚಿತ್ರ: ಚಳಿಗಾಲದಲ್ಲಿ ಅಗೆದ ಬೇರು, ಮೂರು ವರ್ಷ ಹಿಮಕ್ಕೆ ಸಿಕ್ಕಿದ ಕಬ್ಬು, ಮೊದಲ ಜೋಡಿಯನ್ನು ಬಿಟ್ಟು ಬೇರೆ ಜೊತೆಯನ್ನು ಕಾಣದ ಎರಡು ಮಿಡತೆಗಳು. ಜಲೋದರಕ್ಕೆ ಚೀನೀಯ ಭಾಷೆಯಲ್ಲಿ ‘ನಗಾರಿಯಂಥ ಉಬ್ಬರ’ವೆಂದು ಹೆಸರಾದ್ದರಿಂದ, ಹಳೆಯ ನಗಾರಿಯ ಹರಿದ ಚರ್ಮದಿಂದ ಮಾಡಿದ ಗುಳಿಗೆಯನ್ನೂ ಕೊಟ್ಟರು. ತಂದೆ ಸತ್ತನು, ಮನೆಯು ಬರಿದಾಯಿತು. ಲೂ ಷುನ್ ಹೊಸ ವೈದ್ಯವನ್ನು ಕಲಿಯಬೇಕೆಂದು ೧೯೦೪ರಲ್ಲಿ ಜಪಾನಿನ ಸೆಂಡಾಯಿ ನಗರದ ವೈದ್ಯಶಾಲೆಯನ್ನು ಸೇರಿದನು. ಎರಡು ವರ್ಷಗಳಲ್ಲಿ ಅದನ್ನು ಬಿಟ್ಟು ಸಾಹಿತ್ಯಕ್ಕೆ ತಿರುಗಿದನೆಂಬುದು ಬೇರೆಯ ಕಥೆ. ಹಳೆಯ ವೈದ್ಯರು ತಿಳಿದೋ ತಿಳಿಯದೆಯೋ ವಂಚಕರೇ ಎಂಬ ಕಹಿಯು ಅವನನ್ನು ಬಿಡಲಿಲ್ಲ.

ಮಿಡತೆಯ ಜೋಡಿಯನ್ನು ತರಲು ಹೇಳಿದ ವೈದ್ಯನು ದುಷ್ಟನೇ ಆಗಿದ್ದನೆಂದು ಹೇಳಬೇಕಾಗಿಲ್ಲ. ಔಷಧವು ದುರ್ಲಭವಾದಷ್ಟೂ ರೋಗಿಯ ಆಸೆಯು ಬಲಿಯುತ್ತದೆ. ಆಸೆಯಿಂದ ಒಂದಿಷ್ಟು ಚೇತನವೂ ಬರುತ್ತದೆ. ಗುಣವಾಗದಿದ್ದರೆ ಅನುಪಾನವು ಸರಿಯಾಗಿರಲಿಲ್ಲವೆಂದು ಹೇಳಲೂ ಅವಕಾಶವುಂಟು. ಬೆನ್ನುನೋವಿನ ಮುದುಕಿಯ ನಂಬಿಕೆಯನ್ನು ಕದಡಬಾರದೆಂಬ ವಾದವೂ ಈ ವೈದ್ಯನ ವಾದವೂ ಒಂದೇ ಬೇರಿನಿಂದ ಹುಟ್ಟಿದುವು. ವ್ಯತ್ಯಾಸವಿಷ್ಟೇ: ಅಲ್ಲಿ ಕಳೆದುಹೋಗುವುದು ಅರ್ಧ ಗಂಟೆ, ಇಲ್ಲಿ ಕಳೆದುಹೋದುದು ಒಂದು ಸಂಸಾರ.

ಇಲ್ಲಿ ಆಶ್ಚರ್ಯಕರವಾದ ಸಂಗತಿಯೊಂದಿದೆ. ಈ ತಪ್ಪನ್ನು ಚೀನೀಯ ವೈದ್ಯವೇ ಬಹು ಹಿಂದೆ ಗುರುತಿಸಿ ನಿಷೇಧಿಸಿತ್ತು. ಥಾಂಗ್ ರಾಜವಂಶದ ಕಾಲದಲ್ಲಿದ್ದ ಸುನ್ ಸು-ಮಿಯಾವೊ ಎಂಬ ವೈದ್ಯನು ೬೫೨ರ ಸುಮಾರಿಗೆ ಬರೆದ ಮಹಾಗ್ರಂಥದ ಆರಂಭದಲ್ಲಿ ವೈದ್ಯಧರ್ಮವನ್ನು ಕುರಿತ ಒಂದು ಪ್ರಕರಣವಿದೆ. ಬಂದವನು ಬಡವನೋ ಬಲ್ಲಿದನೋ, ಶತ್ರುವೋ ಮಿತ್ರನೋ, ಸ್ವದೇಶದವನೋ ಪರದೇಶದವನೋ ಎಂದು ನೋಡದೆ ಎಲ್ಲರನ್ನೂ ಬಂಧುಗಳಂತೆ ಕಾಣಬೇಕೆಂದು ಆತನ ವಿಧಿ. ರೋಗಿಯ ಮನೆಯಲ್ಲಿ ರೇಷ್ಮೆಯ ಬಟ್ಟೆಗಳು ಕಣ್ಣು ಕೋರೈಸಿದರೂ ಅತ್ತಿತ್ತ ನೋಡಬಾರದು. ಒಂದು ಜೀವವನ್ನು ಉಳಿಸಲೆಂದು ಇನ್ನೊಂದನ್ನು ಕೊಲ್ಲುವುದು ಜೀವದಿಂದ ದೂರ ಸರಿದಂತೆ. (ಘೇಂಡಾಮೃಗದ ಕೊಂಬಿನ, ಹುಲಿಯ ಮೂಳೆಯ ವ್ಯಾಪಾರವನ್ನು ಚೀನಾ ಸರಕಾರವು ನಿಷೇಧಿಸಿದುದು ೧೯೯೩ರಲ್ಲಿ, ಈ ಮುದುಕ ವೈದ್ಯನ ಮಾತು ಅಷ್ಟು ಕಾಲ ಕಾಯಬೇಕಾಯಿತು.) ಇವುಗಳ ನಡುವೆಯೇ ಇನ್ನೊಂದು ಕಟ್ಟಳೆ: ರೋಗಿಯು ಸಿರಿವಂತನೆಂಬ ಕಾರಣದಿಂದ ಬೆಲೆಬಾಳುವ ದುರ್ಲಭ ಔಷಧಗಳನ್ನು ಬರೆದುಕೊಟ್ಟು, ಅವನನ್ನು ಅಲೆಯಿಸಿ, ತನ್ನ ಜಾಣ್ಮೆಯನ್ನು ಮೆರೆಸಬಾರದು. ಷಾವೊಷಿಂಗಿನ ವೈದ್ಯರು ತಮ್ಮ ಪರಂಪರೆಯ ಗಿಡಮೂಲಿಕೆಗಳನ್ನು ಉಳಿಸಿಕೊಂಡು ಅದರ ಧರ್ಮವನ್ನು ಕಳೆದುಕೊಂಡಿದ್ದರು.

ಲೂ ಷುನ್‌ನ ಕಹಿಯು ಅವನೊಬ್ಬನದಲ್ಲ. ಜಪಾನಿನಲ್ಲಿ ವೈದ್ಯವನ್ನು ಕಲಿತು ಬಂದ ಯೂ ಯುನ್-ಷಿಯು ಎಂಬವನು ೧೯೨೯ರಲ್ಲಿ ಹಳೆಯ ವೈದ್ಯವನ್ನು ಕ್ರಮವಾಗಿ ರದ್ದುಗೊಳಿಸಬೇಕೆಂದು ಸರಕಾರದ ಮುಂದೆ ಸೂಚನೆಯಿಟ್ಟನು. ಅದೇ ಮಾರ್ಚಿ ೧೭ರಂದು ದೇಶದ ನಾನಾ ಕಡೆಗಳ ವೈದ್ಯರು ಷಾಂಘೈ ನಗರದಲ್ಲಿ ನೆರೆದು ಪ್ರತಿಭಟಿಸಿದರು. ಸೂಚನೆಯು ಕಾರ್ಯಕ್ಕೆ ಬರಲಿಲ್ಲ. ಬಾರದಿದ್ದುದು ಒಳ್ಳೆಯದೇ ಆಯಿತು. ೧೯೬೭ರಲ್ಲಿ ಮಲೇರಿಯ ಜ್ವರಕ್ಕೆ ಹೊಸ ಔಷಧವನ್ನು ಹುಡುಕಲು ಚೀನಾ ಸರಕಾರವು ಒಂದು ಗುಪ್ತಯೋಜನೆಯನ್ನು ಆರಂಭಿಸಿತು. ೧೯೬೯ರಲ್ಲಿ ಅದನ್ನು ಸೇರಿದ ತೂ ಯೂಯೂ ಎಂಬ ಮಹಿಳೆಯು ಹಳೆಯ ಗ್ರಂಥಗಳಿಂದಲೂ ವೈದ್ಯರ ಬಾಯಿಂದಲೂ ಎರಡು ಸಾವಿರಕ್ಕೆ ಮಿಕ್ಕ ಯೋಗಗಳನ್ನು ಸಂಗ್ರಹಿಸಿ ಶೋಧಿಸಿದರು. ಚಿಂಗ್‌ಹಾವೊ ಎಂಬ ಗಿಡವು ಒಮ್ಮೆ ಫಲ ಕೊಟ್ಟಿತು, ಇನ್ನೊಮ್ಮೆ ಕೊಡಲಿಲ್ಲ. ಇದು ಪೂಜೆಯ ಬುಟ್ಟಿಯ ದವನಕ್ಕೂ ಮಾಚಿಪತ್ರೆಗೂ ದಾಯಾದಿಯಾದ ಗಿಡ. ನಾಲ್ಕನೆಯ ಶತಮಾನದ ಗೆ ಹುಂಗ್ ಎಂಬವನು ತುರ್ತಿನ ಸಮಯಕ್ಕೆಂದು ಬರೆದ ಕೈಪಿಡಿಯಲ್ಲಿ ಈ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಕುಡಿಯಬೇಕೆಂದಿದ್ದಿತು, ಕುದಿಸಬೇಕೆಂದು ಇರಲಿಲ್ಲ. ಆಕೆಗೆ ಹೊಳೆದುದು ಇಷ್ಟೇ: ಕಾವಿನಿಂದ ಮದ್ದಿನ ಸತ್ವವು ನಾಶವಾಗುತ್ತಿರಬಹುದು. ೧೯೭೧ರಲ್ಲಿ ಕಡಮೆ ಕಾವಿನಲ್ಲಿ ಈಥರಿನಿಂದ ತೆಗೆದ ಸತ್ವವು ಪ್ರಾಣಿಗಳಲ್ಲಿ ಪೂರ್ಣ ಫಲವನ್ನು ಕೊಟ್ಟಿತು. ೧೯೭೨ರಲ್ಲಿ, ರೋಗಿಗಳಿಗೆ ಕೊಡುವುದಕ್ಕೆ ಮುಂಚೆ, ಆಕೆಯೂ ಜೊತೆಗಾರರೂ ಅದನ್ನು ತಾವೇ ಸೇವಿಸಿ ನೋಡಿದರು. ಆರ್ಟಿಮಿಸಿನಿನ್ ಎಂಬ ಆ ಔಷಧದಿಂದ ಉಳಿದ ಪ್ರಾಣಗಳಿಗೆ ಲೆಕ್ಕವಿಲ್ಲ. ೨೦೧೫ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕವು ಸಂದಿತು.

ಆಕೆಯ ಈ ನಡತೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬಹುದು. ಹಳೆಯ ವೈದ್ಯವನ್ನು ದೇಶದ ಮಹಾನಿಧಿಯೆಂದು ಸಾರಿ, ಹಳ್ಳಿಹಳ್ಳಿಗೂ ಅದನ್ನು ಹರಡಿಸಿದವನು ಮಾವೊ. ವೈದ್ಯರೂ ಔಷಧಗಳೂ ಸಾಲದಿದ್ದ ದೇಶದಲ್ಲಿ ಅದರಿಂದ ಬಡವರಿಗೆ ಆದ ಉಪಕಾರವು ಅಲ್ಪವಲ್ಲ. ಆದರೆ ತನಗೆ ಅದರಲ್ಲಿ ನಂಬಿಕೆಯಿಲ್ಲವೆಂದೂ ತಾನು ಅದನ್ನು ಸೇವಿಸುವುದಿಲ್ಲವೆಂದೂ ಅವನು ಹೇಳಿದನೆಂದು, ಅವನ ಖಾಸಗಿ ವೈದ್ಯನಾಗಿದ್ದ ಲೀ ಚಿ-ಸುಯಿ ೧೯೯೪ರಲ್ಲಿ ಪ್ರಕಟವಾದ ತನ್ನ ಸ್ಮೃತಿಗ್ರಂಥದಲ್ಲಿ ಬರೆದಿದ್ದಾನೆ. ಜನರಿಗೆ ಒಂದು ಪಾತ್ರೆ, ತನಗೆ ಇನ್ನೊಂದು ಪಾತ್ರೆ. ಕೊಟ್ಟ ಮದ್ದು ಒಳ್ಳೆಯದೇ ಆಗಿದ್ದರೂ ಈ ಕೊಡುವಿಕೆಯಲ್ಲಿ ಏನೋ ಕೆಟ್ಟಿದೆಯೆಂದು ಯಾರಿಗಾದರೂ ತೋರದಿರದು.

ಹಳೆಯದು, ಹಸುರು ಗಿಡದಿಂದ ಬಂದುದು, ಆದುದರಿಂದ ಅಪಾಯವಿಲ್ಲವೆಂಬ ಭಾವನೆಗೂ ಪೆಟ್ಟು ಬಿದ್ದಿದೆ. ಬೆಲ್ಜಿಯಮ್ ದೇಶದ ಬ್ರಸೆಲ್ಸ್ ನಗರದ ಒಂದು ಚಿಕಿತ್ಸಾಲಯದಲ್ಲಿ ಮೈ ಇಳಿಸಲೆಂದು ಹೆಂಗಸರಿಗೆ ಕೊಟ್ಟ ಗುಳಿಗೆಗಳಲ್ಲಿ ಫಾಂಗ್‌ಜಿ ಎಂಬ ಚೀನೀಯ ಮೂಲಿಕೆಯನ್ನು ಸೇರಿಸಿದರು. ಆ ಹೆಸರಿನಲ್ಲಿ ಬೇರೊಂದು ವಿಷಮೂಲಿಕೆಯು ಬಂದು ಸೇರಿಕೊಂಡಿತ್ತು. ನೂರಕ್ಕೂ ಮಿಕ್ಕ ಮಂದಿಯ ಮೂತ್ರಪಿಂಡಗಳು ಕೆಟ್ಟುವು; ೧೯೯೩ರಲ್ಲಿ ಸಂಗತಿಯು ಬೆಳಕಿಗೆ ಬಂತು. ಹೀಗೆ ಕೊಡುವುದು ಚೀನೀಯ ವೈದ್ಯದ ಪದ್ಧತಿಯೇ ಅಲ್ಲವೆಂಬುದು ನಿಜ. ರೋಗಿಗಳಿಗೆ ಅದರಿಂದ ಆದ ಸಮಾಧಾನವೇನೂ ಇಲ್ಲ.

ಹಾಗಾದರೆ ಹಿತವೂ ಸತ್ಯವೂ ಒಂದು ಮನೆಯಲ್ಲಿ ಬಾಳಲಾರವೆ? ಈ ವಿಷಯದಲ್ಲಿ ಅಮೆರಿಕದ ಟೆಡ್ ಕ್ಯಾಪ್‌ಚಕ್ ಎಂಬ ವಿದ್ವಾಂಸನ ಕೆಲಸವು ತುಂಬ ಉಪಯುಕ್ತವಾಗಿದೆ. ಆತನು ಮಕಾವೊ ನಗರದಲ್ಲಿ ಚೀನೀಯ ವೈದ್ಯವನ್ನು ಕಲಿತು, ಬಾಸ್ಟನ್ನಿನಲ್ಲಿ ಸೂಜಿಚಿಕಿತ್ಸೆಯನ್ನು ನಡೆಸಿ, ಕಡೆಗೆ ಗುಣವಾಗುವುದು ಯಾವುದರಿಂದ ಎಂಬ ಸಂಶಯವು ಹುಟ್ಟಿ, ಅದನ್ನೇ ಶೋಧಿಸಲು ಹೊರಟವನು. ೨೦೦೮ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕರುಳಿನ ತೊಂದರೆಯ ೨೬೨ ರೋಗಿಗಳಿದ್ದರು. ಏನೂ ಮಾಡದೆ ಕಾಯಿಸಿದವರಲ್ಲಿ ನೂರಕ್ಕೆ ೨೮ ಮಂದಿಗೆ ಸಾಕಷ್ಟು ಹಿತವೆನಿಸಿತು. ಮಾತಿಲ್ಲದೆ ಹುಸಿಸೂಜಿಯನ್ನು ತಗುಲಿಸಿದವರಲ್ಲಿ ೪೪ ಮಂದಿಗೆ. ಅದೇ ಹುಸಿಸೂಜಿಯನ್ನು ತಗುಲಿಸುವುದಕ್ಕೆ ಮುಂಚೆ ಹತ್ತಿರ ಕುಳಿತು, ಕಷ್ಟಸುಖವನ್ನು ಕೇಳಿ, ಆದರದಿಂದ ಮಾತನಾಡಿಸಿದವರಲ್ಲಿ ೬೨ ಮಂದಿಗೆ. ೨೦೧೦ರಲ್ಲಿ ಆತನೂ ಜೊತೆಗಾರರೂ ಇನ್ನೂ ಮುಂದೆ ಹೋಗಿ, ‘ಈ ಗುಳಿಗೆಯಲ್ಲಿ ಔಷಧವಿಲ್ಲ’ವೆಂದು ಮೊದಲೇ ಹೇಳಿ ಗುಳಿಗೆಯನ್ನು ಕೊಟ್ಟರು, ಗುಳಿಗೆಯಿಲ್ಲದವರಿಗಿಂತ ಇವರಿಗೆ ಹೆಚ್ಚು ಹಿತವಾಯಿತು. ಮಣಿಕಟ್ಟಿನ ಮೇಲೆ ಮೂರು ಬೆರಳುಗಳನ್ನಿಟ್ಟು ಮೌನವಾಗಿ ಕುಳಿತ ಚೀನೀಯ ವೈದ್ಯನು ರೋಗಿಗೆ ಏನನ್ನು ಕೊಡುತ್ತಿದ್ದನೆಂಬುದು ಇದರಿಂದ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಹೊರರೋಗಿಗಳ ಸಾಲಿನಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷವನ್ನಷ್ಟೇ ಕೊಡುವ ವೈದ್ಯಶಾಲೆಗಳು ಇದಕ್ಕೆ ತಲೆ ತಗ್ಗಿಸಬೇಕಾದೀತು. ಆ ಹಿತಕ್ಕೆ ಸುಳ್ಳಿನ ಹಂಗೇನೂ ಇರಲಿಲ್ಲವೆಂಬುದೂ ಗಮನಿಸತಕ್ಕ ಮಾತು.

ಇದರ ಮೇರೆಯನ್ನು ತೋರಿಸಿಕೊಟ್ಟುದು ಆ ಬಾಸ್ಟನ್ ಮಂಡಲಿಯದೇ ಇನ್ನೊಂದು ಪರೀಕ್ಷೆ. ಉಬ್ಬಸದ ರೋಗಿಗಳಿಗೆ ಒಮ್ಮೆ ನಿಜವಾದ ಔಷಧವನ್ನು ಎಳೆದುಕೊಳ್ಳಲು ಕೊಟ್ಟರು, ಒಮ್ಮೆ ಔಷಧವಿಲ್ಲದ ಕೊಳವೆಯನ್ನು, ಒಮ್ಮೆ ಹುಸಿಸೂಜಿಯನ್ನು, ಒಮ್ಮೆ ಏನನ್ನೂ ಕೊಡಲಿಲ್ಲ. ಮೊದಲ ಮೂರರಲ್ಲಿಯೂ ರೋಗಿಗಳು ತಮಗೆ ಹೆಚ್ಚುಕಡಮೆ ಒಂದೇ ಸಮನಾಗಿ ಹಿತವಾಯಿತೆಂದು ಹೇಳಿದರು. ಯಂತ್ರದಿಂದ ಉಸಿರನ್ನು ಅಳೆದಾಗ ಮಾತ್ರ ನಿಜವಾದ ಔಷಧದಿಂದ ನೂರಕ್ಕೆ ೨೦ರಷ್ಟು ಸುಧಾರಣೆ, ಉಳಿದವುಗಳಿಂದ ಸುಮಾರು ೭ರಷ್ಟು. ೨೦೧೧ರಲ್ಲಿ ಇದು ಪ್ರಕಟವಾಯಿತು. ಎದೆಯು ಹಗುರವಾಯಿತೆಂದು ನಗುಮುಖದಿಂದ ಮನೆಗೆ ಹೋದ ಉಬ್ಬಸದವನ ಶ್ವಾಸನಾಳಗಳು ಇನ್ನೂ ಬಿಗಿದೇ ಇವೆ. ಅವನಿಗೆ ಇದನ್ನು ಹೇಳಬೇಕಾದವನು ವೈದ್ಯನಲ್ಲದೆ ಬೇರೆ ಯಾರು? ರೋಗಿಯ ನಂಬಿಕೆಯು ವೈದ್ಯನ ಕೈಯಲ್ಲಿಟ್ಟ ಅಡವು. ಒಳಗೆ ಏನು ನಡೆಯುತ್ತಿದೆಯೆಂಬುದನ್ನು ರೋಗಿಯು ತಾನೇ ನೋಡಿಕೊಳ್ಳಲಾರನೆಂದೇ ಅಲ್ಲವೆ ಅವನು ಅದನ್ನು ಅಲ್ಲಿಟ್ಟಿರುವುದು?

ಉಬ್ಬಸದ ಮಾತು ಹಾಗಿರಲಿ; ಅದಕ್ಕೆ ಔಷಧವುಂಟು. ಔಷಧವೇ ಉಳಿಯದ ಸ್ಥಿತಿಯಲ್ಲಿ ಏನು? ಅರ್ಬುದರೋಗವು ಬಲಿತು, ಮದ್ದಿನಿಂದ ಓಕರಿಕೆಯೊಂದೇ ಉಳಿದಿರುವ ಹೆಂಗಸಿನ ಮಣಿಕಟ್ಟಿನ ಒಳಬದಿಯಲ್ಲಿ ವೈದ್ಯನು ಸೂಜಿಯನ್ನು ಚುಚ್ಚುತ್ತಾನೆಂದು ಇಟ್ಟುಕೊಳ್ಳೋಣ. ಅವಳು, ‘ಸ್ವಾಮಿ, ಇದರಿಂದ ನನಗೆ ವಾಸಿಯಾಗುತ್ತದೆಯೆ?’ ಎಂದು ಕೇಳುತ್ತಾಳೆ. ಆಗುತ್ತದೆಂದರೆ ಅವಳ ಮುಖವು ಅರಳುತ್ತದೆ. ಆ ರಾತ್ರಿಯೇ ಅವಳ ಗಂಡನು ಇದ್ದ ಒಂದು ತುಂಡು ಹೊಲವನ್ನು ಮಾರಲು ಹೊರಡಬಹುದು. ಆಗುವುದಿಲ್ಲವೆಂದಷ್ಟೇ ಹೇಳಿ ಎದ್ದು ಹೋದರೆ ಸತ್ಯವನ್ನಾಡಿದಂತಾಯಿತು, ವೈದ್ಯನಾದಂತಾಗಲಿಲ್ಲ. ಇವೆರಡರ ನಡುವೆ ಆಡಬಹುದಾದ ಮಾತುಗಳು ಬಹಳವಿಲ್ಲ. ‘ತಾಯಿ, ರೋಗಕ್ಕೆ ಇದು ಮದ್ದಲ್ಲ. ಓಕರಿಕೆ ಕಡಮೆಯಾದೀತು, ರಾತ್ರಿ ಒಂದು ಗಳಿಗೆ ಕಣ್ಣು ಹತ್ತೀತು. ನಾಳೆ ಸಾಯಂಕಾಲ ಮತ್ತೆ ಬರುತ್ತೇನೆ’ ಎನ್ನಬಹುದು. ಹೀಗೆಂದವನು ಮರುದಿನ ಸಾಯಂಕಾಲ, ಬೇರೆ ಎಷ್ಟೇ ರೋಗಿಗಳು ಕಾಯುತ್ತಿದ್ದರೂ, ಬರಲೇಬೇಕಾಗುತ್ತದೆ. ಸೂಜಿ ಚುಚ್ಚುವುದಕ್ಕಿಂತ ಅದು ಕಷ್ಟದ ಕೆಲಸ.